ಅಕ್ಷರ ಬಿಟ್ಟು ಬಂದ ಗುಡಿಸು

ಪುಷ್ಯ ಮಳೆ ಹೊಡೆಯುವ ವಾರದಲ್ಲಿ ಕಂಪ್ಯೂಟರ್ ಅಪ್‌ಗ್ರೇಡ್ ಮಾಡಲು ಕೂತವನು ಸೋಮವಾರಪೇಟೆಯಲ್ಲಿ ನಾನೊಬ್ಬನೇ ಇರಬೇಕು. ಯುಪಿಎಸ್ ಇದೆಯಲ್ಲ ಎಂಬ ಧೈರ್ಯ. ನನ್ನದು ಉಬುಂಟು, ವಿಂಡೋಸ್ ಬದಲು ಹಾಕಿಕೊಳ್ಳುವ ಲಿನಕ್ಸ್‌ನ ಒಂದು ರೂಪ. ಅದರ 22.04ನೇ ಆವೃತ್ತಿಯಿಂದ 24.04ಕ್ಕೆ ಹೋಗೋಣವೆಂದು ಭಾನುವಾರ ರಾತ್ರಿ ಶುರು ಮಾಡಿದೆ. ನೆಟ್ ಬಂದು, ಹೋಗಿ, ಮತ್ತೆ ಬಂದು, ಬೆಳಗಿನ ಜಾವಕ್ಕೆ ಮುಗಿಯಿತು. ಕೊನೆಯಲ್ಲಿ ಬಳಕೆಯಲ್ಲಿಲ್ಲದ ಪ್ಯಾಕೇಜ್‌ಗಳನ್ನು ತೆಗೆಯಲೇ ಎಂದು ಕೇಳಿತು. ಪಟ್ಟಿ ಉದ್ದವಿತ್ತು, ನನಗೆ ನಿದ್ದೆ ಎಳೆಯುತ್ತಿತ್ತು. ಓದದೆ 'ವೈ' ಒತ್ತಿ ಮಲಗಿದೆ. ಆ 'ವೈ' ನೆನಪಿರಲಿ, ಮುಂದೆ ಬರುತ್ತದೆ.

ಬೆಳಗ್ಗೆ ಸಂತೆ ದಿನ. ನನ್ನ ಟೈಪಿಂಗ್ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಶಾಂತಳ್ಳಿ ಕಡೆಯ ತೋಟದವರೊಬ್ಬರು ನೀರಿಳಿಯುವ ಕೊಡೆ ಹಿಡಿದು ನಿಂತಿದ್ದರು. "ಕಾಯೆಲ್ಲ ಕೊಳೆತು ಉದುರಿ ಹೋಯ್ತು ಕಣಪ್ಪ. ತಹಶೀಲ್ದಾರರಿಗೆ ಒಂದು ಅರ್ಜಿ ಹೊಡೆದುಕೊಡು" ಅಂದರು. ಕೂರಿಸಿದೆ. ಭಾಷೆ ಬದಲಿಸಲು ಸೂಪರ್ ಕೀ (ವಿಂಡೋಸ್ ಗುರುತಿನ ಕೀಲಿ), ಸ್ಪೇಸ್ ಒತ್ತಿದೆ. ಕನ್ನಡವೇ ಇಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಕೀಬೋರ್ಡ್ ಪಟ್ಟಿಯಲ್ಲಿ ಹುಡುಕಿದೆ. 'ಕನ್ನಡ (ಕಗಪ, ಫೊನೆಟಿಕ್)' ಅಂತ ಕಂಡಿತು. ಸಿಕ್ಕಿತಲ್ಲ ಎಂದು ಸೇರಿಸಿಕೊಂಡು 'ಇವರಿಗೆ' ಎಂದು ಹೊಡೆದೆ.

ಪರದೆಯ ಮೇಲೆ ಬಂದದ್ದು ಹೀಗೆ: ಮೊದಲು ಚುಕ್ಕಿ ಚುಕ್ಕಿಯ ಒಂದು ವೃತ್ತ, ಅದರ ನೆತ್ತಿಯ ಮೇಲೆ ಒಂದು ಗುಡಿಸು, ಆಮೇಲೆ ಸರಿಯಾಗಿಯೇ 'ವರಿಗೆ'. ಅಳಿಸಿ ಹೊಡೆದೆ, ಮತ್ತೆ ಅದೇ. 'ಇಂದ' ಹೊಡೆದೆ, ಅಲ್ಲೂ ವೃತ್ತ. ಅರ್ಜಿಯ ಮೊದಲ ಎರಡು ಪದಗಳೇ ಇ-ಕಾರದವು, ಏನು ಮಾಡುವುದು!

ನನಗೆ ಮೊದಲು ಅನುಮಾನ ಬಂದದ್ದು ಕೀಬೋರ್ಡಿನ ಮೇಲೆ. ನಮ್ಮ ಮಳೆಗಾಲ ಗೊತ್ತಲ್ಲ, ಬೆಲ್ಟಿಗೆ, ಚಪ್ಪಲಿಗೆ, ಗೋಡೆ ಮೇಲಿನ ಫೋಟೋಗೆ ಎಲ್ಲಕ್ಕೂ ಬೂಷ್ಟು. ಶಿಫ್ಟ್ ಎಲ್ಲೋ ಅಂಟಿಕೊಂಡಿದೆ ಎಂದುಕೊಂಡು ಬೇರೆ ಕೀಬೋರ್ಡ್ ಹಾಕಿದೆ. ಅದೇ ವೃತ್ತ, ಅದೇ ಗುಡಿಸು. ಗೆಳೆಯನಿಗೆ ಫೋನ್ ಮಾಡಿದರೆ, "ಅದನ್ನೆಲ್ಲ ತೆಗೆದು ವಿಂಡೋಸ್ ಹಾಕು ಮಾರಾಯ" ಅಂದ. ಇನ್ನೊಬ್ಬ, "ಫಾರ್ಮ್ಯಾಟ್ ಹೊಡಿ" ಅಂದ. ನನಗೆ ಸಿಟ್ಟು ಬರುವುದು ಈ ಮಾತಿಗೇ. ಮನೆಯ ಒಂದು ಹೆಂಚು ಸೋರಿದರೆ ಮನೆ ಕೆಡವುತ್ತೀರಾ? ಯಾವ ಹೆಂಚು ಎಂದು ಅಟ್ಟ ಹತ್ತಿ ನೋಡುತ್ತೀರಿ ತಾನೆ.

ಹತ್ತಿ ನೋಡಿದಾಗ ಗೊತ್ತಾದದ್ದು ಹೇಳುತ್ತೇನೆ, ಯಾಕೆಂದರೆ ಇದು ಕನ್ನಡದಂಥ ಕಾಗುಣಿತದ ಲಿಪಿಗಳಿಗೆ ಅಂಟಿದ ಸಮಸ್ಯೆ. ನಾವು ಬಹಳ ಮಂದಿ ಹೊಡೆಯುವುದು ಕೆ. ಪಿ. ರಾಯರ ಕೀಲಿ ವಿನ್ಯಾಸ, 'ನುಡಿ' ತಂತ್ರಾಂಶದಿಂದ ಕೈಗೆ ಅಂಟಿದ್ದು. ಕಗಪ ಎಂದರೆ ಆ 'ನುಡಿ' ಮಾಡಿದ ಕನ್ನಡ ಗಣಕ ಪರಿಷತ್ತು, ಇಂಗ್ಲಿಷ್ ಅಕ್ಷರಗಳಲ್ಲಿ ಕೆಜಿಪಿ. ಈ ವಿನ್ಯಾಸಕ್ಕೂ ಅದೇ ಹೆಸರು. ಅದರಲ್ಲಿ ಇ-ಕಾರಕ್ಕೆ ಒಂದೇ ಕೀಲಿ. ಪದದ ಮೊದಲಲ್ಲಿ ಒತ್ತಿದರೆ 'ಇ' ಬರಬೇಕು, 'ವ' ಆದ ಮೇಲೆ ಒತ್ತಿದರೆ ಗುಡಿಸಾಗಿ 'ವಿ' ಆಗಬೇಕು. ಅಂದರೆ ಹಿಂದಿನ ಅಕ್ಷರ ಯಾವುದೆಂದು ನೋಡಿ ತೀರ್ಮಾನಿಸುವವರು ನಡುವೆ ಒಬ್ಬರು ಬೇಕು, ಕಾಗುಣಿತ ಬಲ್ಲವರು. ಲಿನಕ್ಸ್‌ನಲ್ಲಿ ಆ ಮೇಷ್ಟ್ರ ಹೆಸರು ಎಂ17ಎನ್. 'ಬಹುಭಾಷೀಕರಣ' ಎನ್ನುವುದರ ಇಂಗ್ಲಿಷ್ ಪದದಲ್ಲಿ ಮೊದಲ ಎಂ, ಕೊನೆಯ ಎನ್, ನಡುವೆ 17 ಅಕ್ಷರ, ಅದಕ್ಕೇ ಆ ಹೆಸರು. ಹುಟ್ಟಿದ್ದು ಜಪಾನಿನಲ್ಲಿ. ಅದನ್ನು ನಮ್ಮ ಪರದೆಗೆ ಕರೆತರುವುದು ಐಬಸ್ ಎಂಬ ಪ್ರೋಗ್ರಾಂ.

ನಾನು ಪಟ್ಟಿಯಿಂದ ಆರಿಸಿದ 'ಕಗಪ, ಫೊನೆಟಿಕ್' ಈ ಮೇಷ್ಟ್ರಲ್ಲ. ಅದು ಎಕ್ಸ್‌ಕೆಬಿ, ಬರೀ ಕೀಲಿ ನಕ್ಷೆ. ಇದನ್ನು ಒತ್ತಿದರೆ ಇದು, ಅಷ್ಟೇ, ಹಿಂದೆ ಏನಿತ್ತೆಂಬ ನೆನಪು ಅದಕ್ಕಿಲ್ಲ. ಸುಮ್ಮನೆ ಒತ್ತಿದರೆ ಗುಡಿಸು ಕೊಡುತ್ತದೆ, ಬಲಗಡೆಯ ಆಲ್ಟ್ ಹಿಡಿದು ಒತ್ತಿದರೆ 'ಇ'. ನನಗೆ ಬೇಕಿದ್ದದ್ದು 'ಕನ್ನಡ (ಕೆಜಿಪಿ, ಎಂ17ಎನ್)'. ಎರಡಕ್ಕೂ ಮೂಲ ಒಂದೇ, ಹೆಸರೂ ಹೆಚ್ಚುಕಡಿಮೆ ಒಂದೇ. ಒಂದಕ್ಕೆ ಕಾಗುಣಿತ ಗೊತ್ತು, ಇನ್ನೊಂದಕ್ಕೆ ಗೊತ್ತಿಲ್ಲ. ಇಂಥ ಪಟ್ಟಿ ನೋಡಿ ಹೊಸಬರು ಹೇಗೆ ಆರಿಸಬೇಕು? ಇದರ ಬಗ್ಗೆ ಅದನ್ನು ರೂಪಿಸುವವರ ಬಳಿ ದೂರು ದಾಖಲಿಸಬೇಕೆಂದು ಅಂದುಕೊಂಡಿದ್ದೇನೆ. ಇನ್ನೂ ಬರೆದಿಲ್ಲ. ನಾವೆಲ್ಲ ಹೀಗೇ, ಇಲ್ಲಿ ಉದ್ದುದ್ದ ಬರೆಯುತ್ತೇವೆ, ಅಲ್ಲಿ ಎರಡು ಸಾಲು ಬರೆಯಲು ಸೋಮಾರಿತನ.

ಟರ್ಮಿನಲ್ ತೆರೆದು ಐಬಸ್ ಬಳಿ ಇರುವ ಎಂಜಿನ್‌ಗಳ ಪಟ್ಟಿ ಕೇಳಿದೆ. ಎಂ17ಎನ್ ಹೆಸರಿನದ್ದು ಒಂದೂ ಇಲ್ಲ. ಮೇಷ್ಟ್ರನ್ನು ಹಿಂದಿನ ರಾತ್ರಿ ನಾನೇ 'ವೈ' ಒತ್ತಿ ಮನೆಗೆ ಕಳಿಸಿದ್ದೆ! ಐಬಸ್-ಎಂ17ಎನ್ ಪ್ಯಾಕೇಜನ್ನು ಮತ್ತೆ ಇನ್‌ಸ್ಟಾಲ್ ಮಾಡಿ, ಲಾಗೌಟ್ ಆಗಿ ಬಂದು, ಕೆಜಿಪಿ ಸೇರಿಸಿದೆ. 'ಇವರಿಗೆ' ಎಂದು ಹೊಡೆದರೆ 'ಇವರಿಗೆ' ಬಂತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿ ವಿನ್ಯಾಸ ಕಲಿತವರಿಗೆ ಈ ತಾಪತ್ರಯವೇ ಇಲ್ಲ. 1986ರಲ್ಲಿ ಬಂದು 1991ರ ಭಾರತೀಯ ಮಾನಕದಲ್ಲೂ ಸೇರಿದ ಆ ವಿನ್ಯಾಸದಲ್ಲಿ ಎಫ್ ಒತ್ತಿದರೆ ಗುಡಿಸು, ಶಿಫ್ಟ್ ಹಿಡಿದು ಎಫ್ ಒತ್ತಿದರೆ 'ಇ'. ಸ್ವರ ಬೇರೆ, ಚಿಹ್ನೆ ಬೇರೆ. ಕಾಗುಣಿತ ಹೊಡೆಯುವವನ ತಲೆಯಲ್ಲೇ ಇರುತ್ತದೆ, ಮೇಷ್ಟ್ರು ಬೇಕಿಲ್ಲ, ಬರೀ ಎಕ್ಸ್‌ಕೆಬಿ ಸಾಕು. ಅಪ್‌ಗ್ರೇಡ್ ಆಗಲಿ, ಐಬಸ್ ಸಾಯಲಿ, ಅವರ ಕನ್ನಡ ನಿಲ್ಲುವುದಿಲ್ಲ. ಕಟ್ಟಡದ ಲೆಕ್ಕದಲ್ಲಿ ಅದೇ ಗಟ್ಟಿ. ಆದರೆ ನನ್ನ ಬೆರಳು ಈಗ ಯಾರ ಮಾತೂ ಕೇಳುವುದಿಲ್ಲ. ಯಾವ ಅಕ್ಷರ ಎಲ್ಲಿದೆ ಎಂದು ಕೇಳಿದರೆ ನನಗೇ ಗೊತ್ತಿಲ್ಲ, ಬೆರಳಿಗೆ ಗೊತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಮಧ್ಯಾಹ್ನ ಮದುವೆ ಕಾಗದಕ್ಕೆ ಪುಟ ವಿನ್ಯಾಸದ ಪ್ರೋಗ್ರಾಂ ಸ್ಕ್ರೈಬಸ್ ತೆರೆದರೆ ಅಲ್ಲಿ ಬರೀ ಇಂಗ್ಲಿಷ್. ಲಿಬ್ರೆ ಆಫೀಸಿನಲ್ಲಿ ಕನ್ನಡ ಬರುತ್ತದೆ, ಇಲ್ಲಿ ಬರುವುದಿಲ್ಲ. ಒಂದು ಕಡೆ ಬಂದು ಇನ್ನೊಂದು ಕಡೆ ಬಾರದಿದ್ದರೆ ಕೀಬೋರ್ಡನ್ನೂ ಐಬಸ್ಸನ್ನೂ ಬಿಟ್ಟು, ಆ ಒಂದು ಪ್ರೋಗ್ರಾಂ ಯಾರ ಬಳಿ ಅಕ್ಷರ ಕೇಳುತ್ತಿದೆ ಎಂದು ನೋಡಬೇಕು. ಸ್ಕ್ರೈಬಸ್ ಕಟ್ಟಿದ್ದು ಕ್ಯೂಟಿ ಮೇಲೆ, ಅದು ಪ್ರೋಗ್ರಾಂಗಳ ಕಿಟಕಿ, ಗುಂಡಿಗಳನ್ನು ಕಟ್ಟುವ ಸಾಮಗ್ರಿ. ಹಿಂದೊಮ್ಮೆ ಐಬಸ್ ಬದಲು ಅದೇ ಕೆಲಸದ ಫಿಟಿಕ್ಸ್ ಪ್ರಯತ್ನಿಸಿದಾಗ, ಕ್ಯೂಟಿಯ ಪ್ರೋಗ್ರಾಂಗಳು ಫಿಟಿಕ್ಸನ್ನೇ ಕೇಳಬೇಕೆಂದು ಪ್ರೊಫೈಲ್ ಫೈಲಿನಲ್ಲಿ ಒಂದು ಸಾಲು ಬರೆದಿಟ್ಟು ಮರೆತಿದ್ದೆ. ಫಿಟಿಕ್ಸ್ ಕೂಡ ಅದೇ 'ವೈ'ಗೆ ಹೋಗಿತ್ತು. ಸಾಲು ಅಳಿಸಿ ಮತ್ತೆ ಲಾಗಿನ್ ಆದೆ, ಸರಿಹೋಯಿತು. ಅದಕ್ಕೆ ಮುಂಚೆ ಸುಮ್ಮನೆ ಪರದೆ ನಡೆಸುವ ವೇಲ್ಯಾಂಡ್ ಮೇಲೆ ಅನುಮಾನಪಟ್ಟು, ಲಾಗಿನ್ ಪರದೆಯ ಚಕ್ರದ ಗುರುತು ಒತ್ತಿ ಅದರ ಹಳೆಯ ಬದಲಿ ಎಕ್ಸ್‌ಆರ್ಗ್‌ಗೆ ಹೋಗಿ ಅರ್ಧ ಗಂಟೆ ಕಳೆದಿದ್ದೆ. ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ಶಾಂತಳ್ಳಿಯವರು ಅಷ್ಟು ಹೊತ್ತು ಕಾಯಲಿಲ್ಲ. ನಾನು ಎರಡನೇ ಕೀಬೋರ್ಡ್ ಸಿಕ್ಕಿಸುವಾಗಲೇ ಮೇಜಿನ ಮೇಲಿದ್ದ ಬಿಳಿ ಹಾಳೆ ತೆಗೆದುಕೊಂಡು, ಹಳೇ ಶಾಲೆಯ ದುಂಡಗಿನ ಅಕ್ಷರದಲ್ಲಿ ಅರ್ಜಿ ಬರೆದು, ತಾಲ್ಲೂಕು ಕಚೇರಿಗೆ ಹೋಗಿ ಕೊಟ್ಟು, ಸಂತೆ ಮುಗಿಸಿ ಸಂಜೆ ಬಸ್ಸಿಗೆ ಮುಂಚೆ ಇಣುಕಿದರು. "ನಿನ್ನದು ಸರಿಯಾಯ್ತಾ?" ಅಂದರು. ಆಯ್ತು ಅಂದೆ. "ಹಂಗಾದ್ರೆ ಒಂದು ಟೈಪ್ ಮಾಡಿದ್ದೂ ಕೊಡು, ಫೈಲಿಗೆ ಇಟ್ಕೊಳ್ತೀನಿ" ಎಂದು ಕೊಡೆ ಮಡಚಿ ಕೂತರು.