ಅದು ಯಾವ ಹಕ್ಕಿ ಅಲ್ಲ ಎಂದು ಹೇಳುವ ಕಷ್ಟ

ವರ್ಷಕ್ಕೆ ಮೂರ್ನಾಲ್ಕು ಬಾರಿಯಾದರೂ ಒಂದೇ ಅಚ್ಚಿನ ಸುದ್ದಿ ಕಣ್ಣಿಗೆ ಬೀಳುತ್ತದೆ. ಎಲ್ಲೋ ಒಂದು ಗುಹೆಯಲ್ಲಿ, ಇಲ್ಲವೇ ಒಂದು ಕಾಲಕ್ಕೆ ಕೆರೆಯ ತಳವಾಗಿದ್ದ ಮಣ್ಣಿನಲ್ಲಿ, ಹಿಂದೆಂದೂ ಕಾಣದ ಹಕ್ಕಿಯ ಪಳೆಯುಳಿಕೆ ಸಿಕ್ಕಿತಂತೆ. ಪಕ್ಕದಲ್ಲಿ ದೊಡ್ಡದೊಂದು ಬಣ್ಣದ ಚಿತ್ರ. ಗರಿಯ ಹೊಳಪು, ಕೊಕ್ಕಿನ ಕೆಂಪು, ಕಣ್ಣಿನ ಸಿಟ್ಟು ಎಲ್ಲವೂ ಅದರಲ್ಲಿ ಇರುತ್ತವೆ. ಸುದ್ದಿಯ ಬಾಲದವರೆಗೆ ಓದಿದರೆ ಗೊತ್ತಾಗುತ್ತದೆ, ನಿಜವಾಗಿ ದೊರೆತದ್ದು ಕಾಲಿನ ಎರಡು ಮೂಳೆಗಳು, ಅವೂ ಮುರಿದವು.

ಚಿತ್ರ ಬರೆದವರ ಮೇಲೆ ನನಗೆ ಕೋಪವಿಲ್ಲ. ನನ್ನ ತಕರಾರು ಇರುವುದು ‘ಸಿಕ್ಕಿತು’ ಎಂಬ ಕ್ರಿಯಾಪದದ ಮೇಲೆ. ಮೂಳೆ ಸಿಗುತ್ತದೆ, ಒಪ್ಪುತ್ತೇನೆ. ಪ್ರಭೇದ ಹಾಗೆ ಸಿಗುವುದಿಲ್ಲ. ಅದನ್ನು ವಾದಿಸಿ ಗೆಲ್ಲಬೇಕು, ಆ ವಾದಕ್ಕೆ ಕೆಲವೊಮ್ಮೆ ಹತ್ತು ವರ್ಷ ಹಿಡಿಯುತ್ತದೆ.

ನಾನು ವಿಜ್ಞಾನಿಯಲ್ಲ, ಹಕ್ಕಿ ನೋಡುವ ಚಟದವನು. ನಮ್ಮಂಥವರು ಹಕ್ಕಿಯನ್ನು ಗುರುತಿಸುವುದು ಬಣ್ಣದಿಂದ, ಕೂಗಿನಿಂದ, ಹಾರುವ ಧಾಟಿಯಿಂದ. ಅಸ್ಥಿಗಳ ಅಭ್ಯಾಸ ಮಾಡುವ ಪರಿಚಿತರೊಬ್ಬರು ಒಮ್ಮೆ ನನ್ನ ಅಂಗೈ ಮೇಲೆ ರೆಕ್ಕೆಯ ಮೇಲ್ಭಾಗದ ಮೂಳೆಯೊಂದನ್ನು ಇಟ್ಟು, ‘ಹೇಳಿ ನೋಡೋಣ’ ಎಂದರು. ಗಾತ್ರ ನೋಡಿ ‘ಪಾರಿವಾಳ’ ಎಂದೆ. ಅವರು ನಕ್ಕು ಇನ್ನೊಂದು ಮೂಳೆಯನ್ನು ಅದರ ಪಕ್ಕಕ್ಕಿಟ್ಟರು. ಇದು ಗಿಡ್ಡ, ದಪ್ಪ, ಒಂದು ಅಂಚಿನಲ್ಲಿ ಎದ್ದು ಕಾಣುವ ಏಣು. ಪಾರಿವಾಳ ಇದು. ನನ್ನ ಕೈಯಲ್ಲಿದ್ದದ್ದು ತೆಳ್ಳಗೆ, ಉದ್ದವಾಗಿ, ಸ್ವಲ್ಪ ಬಾಗಿಕೊಂಡಿತ್ತು. ಗೂಬೆಯದಂತೆ. ಇಪ್ಪತ್ತು ವರ್ಷಗಳಿಂದ ನೋಡುತ್ತ ಬಂದ ಎರಡು ಹಕ್ಕಿಗಳ ವ್ಯತ್ಯಾಸ ಹೇಳಲು ನನಗೆ ಆಗಲಿಲ್ಲ. ಬಣ್ಣವೂ ಕೂಗೂ ಇಲ್ಲದ ಹಕ್ಕಿಯ ಮುಂದೆ ನಾನು ನಿರಕ್ಷರಿ.

ಆಮೇಲೆ ಅವರು ಓದಲು ಕಲಿಸಿದರು, ಅಕ್ಷರಾಭ್ಯಾಸದ ಮಟ್ಟಕ್ಕೆ. ಕಾಲಿನ ಮೂಳೆಯ ಕೆಳತುದಿಯಲ್ಲಿ ಸ್ನಾಯುರಜ್ಜು ಹಾದುಹೋಗುವ ತೋಡಿನ ಮೇಲೆ ಹಲವು ಹಕ್ಕಿಗಳಿಗೆ ಎಲುಬಿನದೇ ಆದ ಪುಟ್ಟ ಸೇತುವೆ ಇರುತ್ತದೆ; ಗೂಬೆಗಳಿಗೆ ಅಲ್ಲಿ ಅದು ಇಲ್ಲ. ಗಿಳಿಯ ಹೊರಬೆರಳು ಹಿಂದಕ್ಕೆ ತಿರುಗಿರುವುದರಿಂದ ಪಾದದ ಮೂಳೆಯ ತುದಿಯೂ ಆ ತಿರುವಿಗೆ ತಕ್ಕಂತೆ ರೂಪುಗೊಂಡಿರುತ್ತದೆ. ಮುಂಗೈ ಮೂಳೆಯ ಮೇಲೆ ಸಾಲಾಗಿ ಗುಬುಟುಗಳಿದ್ದರೆ, ದೊಡ್ಡ ಗರಿಗಳು ನಾಟಿಕೊಂಡಿದ್ದ ಗುರುತು ಅದು. ಎದೆಮೂಳೆಯ ಏಣು ಸವೆದು ಚಪ್ಪಟೆಯಾಗಿದ್ದರೆ ಆ ಹಕ್ಕಿ ಹಾರಾಟವನ್ನು ಬಿಟ್ಟಿರಬೇಕು. ಮೂಳೆಯ ತುದಿ ರಂಧ್ರಮಯವಾಗಿ ಒರಟಾಗಿದ್ದರೆ ಅದು ಮರಿಯದು, ಹೊಸ ಪ್ರಭೇದದ ಆಸೆಯನ್ನು ಅಲ್ಲಿಗೇ ಬಿಡುವುದು ವಾಸಿ. ಒಳಟೊಳ್ಳಿನಲ್ಲಿ ಸುಣ್ಣದ ಹೆಚ್ಚುವರಿ ಪದರ ಕಂಡರೆ ಅದು ಮೊಟ್ಟೆಯಿಡುವ ಕಾಲದಲ್ಲಿ ಸತ್ತ ಹೆಣ್ಣು. ಆ ಕೊನೆಯ ಸಂಗತಿ ಕೇಳಿದ ದಿನ ನಾನು ಸ್ವಲ್ಪ ಹೊತ್ತು ಸುಮ್ಮನಾಗಿದ್ದೆ.

ಇಷ್ಟೆಲ್ಲ ಓದಿದರೂ ‘ಇದು ಹೊಸದು’ ಎಂದು ಹೇಳಲು ಆಗುವುದಿಲ್ಲ. ಹೊಸದು ಎಂದು ಹೇಳುವ ದಾರಿ ಒಂದೇ, ಇದು ಈವರೆಗೆ ಗೊತ್ತಿರುವ ಯಾವುದೂ ಅಲ್ಲ ಎಂದು ತೋರಿಸುವುದು. ಮೂಳೆಯನ್ನು ಕೈಯಲ್ಲಿ ಹಿಡಿದು ಡ್ರಾಯರ್ ಮೇಲೆ ಡ್ರಾಯರ್ ತೆರೆಯುತ್ತ, ಇದಲ್ಲ, ಇದೂ ಅಲ್ಲ ಎನ್ನುತ್ತ ಸಾಗಬೇಕು. ನೇತಿ ನೇತಿ ಎಂಬುದನ್ನು ಇಷ್ಟು ಅಕ್ಷರಶಃ ಪಾಲಿಸುವ ಕಸುಬು ಇನ್ನೊಂದು ಇದೆಯೋ ಇಲ್ಲವೋ.

ಹಾಗೆ ಸಾಗಲು ಡ್ರಾಯರ್‌ಗಳಲ್ಲಿ ಮೂಳೆ ಇರಬೇಕಲ್ಲ! ಜಗತ್ತಿನ ದೊಡ್ಡ ದೊಡ್ಡ ಸಂಗ್ರಹಾಲಯಗಳಲ್ಲಿ ಹಕ್ಕಿಗಳ ಚರ್ಮದ ಮಾದರಿಗಳು ಲಕ್ಷಗಟ್ಟಲೆ ಇವೆ. ಹಿಂದಿನ ಸಂಗ್ರಾಹಕರಿಗೆ ಬೇಕಾಗಿದ್ದದ್ದು ಗರಿ, ಹಾಗಾಗಿ ಚರ್ಮ ಸುಲಿದು ಹತ್ತಿ ತುಂಬಿ, ದೇಹವನ್ನು ಎಸೆದರು. ಆ ಮಾದರಿಯೊಳಗೆ ತಲೆಬುರುಡೆಯ ಮುಂಭಾಗ, ರೆಕ್ಕೆ ಮತ್ತು ಕಾಲಿನ ಒಂದಿಷ್ಟು ಎಲುಬು ಬಿಟ್ಟರೆ ಹೆಚ್ಚೇನೂ ಉಳಿಯುವುದಿಲ್ಲ. ಈಗಲೂ ಬದುಕಿರುವ ಎಷ್ಟೋ ಹಕ್ಕಿಗಳ ಪೂರ್ಣ ಅಸ್ಥಿಪಂಜರ ಬೆರಳೆಣಿಕೆಯಷ್ಟು ಮಾತ್ರ. ಕಾಗೆ, ಪಾರಿವಾಳ, ಬಾತುಗಳ ಮೂಳೆಗಳನ್ನು ತೊಳೆದು, ಪ್ರತಿ ತುಂಡಿನ ಮೇಲೂ ಇರುವೆಯಂಥ ಅಕ್ಷರಗಳಲ್ಲಿ ಸಂಖ್ಯೆ ಬರೆದು ಪೆಟ್ಟಿಗೆಗೆ ಹಾಕುವವರ ಹೆಸರು ಯಾವ ಸುದ್ದಿಯಲ್ಲೂ ಬರುವುದಿಲ್ಲ. ನನ್ನನ್ನು ಕೇಳಿದರೆ ಹೊಸ ಪ್ರಭೇದದ ಅರ್ಧ ಕೀರ್ತಿ ಅವರಿಗೆ ಸಲ್ಲಬೇಕು. ಪೂರ್ತಿ ಎಂದರೆ ಜಗಳವಾಗುತ್ತದೆ, ಅರ್ಧಕ್ಕೆ ಒಪ್ಪಿಕೊಳ್ಳೋಣ.

ಇಂಗ್ಲೆಂಡಿನ ಅಂಗರಚನಾ ತಜ್ಞ ರಿಚರ್ಡ್ ಓವನ್‌ನ ಕಥೆಯನ್ನೂ ಜನ ತಿರುಚಿ ಹೇಳುತ್ತಾರೆ. ಒಂದೇ ಒಂದು ಮೂಳೆಯ ತುಂಡು ನೋಡಿ ಇಡೀ ಹಕ್ಕಿಯನ್ನು ಕಣ್ಣಮುಂದೆ ತಂದುಕೊಂಡ ಮಾಂತ್ರಿಕ ಎಂಬಂತೆ. ನಡೆದದ್ದು ಅದಕ್ಕಿಂತ ಒಣ ಸಂಗತಿ, ನನಗೆ ಅದೇ ಹೆಚ್ಚು ಇಷ್ಟ. 1839ರಲ್ಲಿ ನ್ಯೂಜಿಲೆಂಡ್‌ನಿಂದ ಲಂಡನ್‌ಗೆ ಬಂದ ತುಂಡು ಅದು. ಉದ್ದ ಸುಮಾರು 15 ಸೆಂಟಿಮೀಟರ್, ಎರಡೂ ತುದಿ ಮುರಿದಿದೆ, ಅಂದರೆ ಗುರುತು ಹಿಡಿಯಲು ಬೇಕಾದ ಕೀಲುಗಳೇ ಇಲ್ಲ. ಓವನ್ ಮೊದಲಿಗೆ ದನದ ಎಲುಬು ಎಂದು ತಳ್ಳಿಹಾಕಲು ನೋಡಿದ. ಆದರೆ ಅವನ ಕೈಯಳತೆಯಲ್ಲಿ ಅಸ್ಥಿಪಂಜರಗಳ ದೊಡ್ಡ ಸಂಗ್ರಹವಿತ್ತು. ಸಸ್ತನಿಗಳ ಮೂಳೆಗಳೊಂದಿಗೆ ಒಂದೊಂದಾಗಿ ಹೋಲಿಸಿದ, ಯಾವುದೂ ಹೊಂದಲಿಲ್ಲ. ಒಳಗಿನ ಜೇನುಗೂಡಿನಂಥ ರಚನೆ ಕೊನೆಗೆ ಅವನನ್ನು ಉಷ್ಟ್ರಪಕ್ಷಿಯ ಕಡೆಗೆ ಕರೆದೊಯ್ದಿತು. ಇದು ಹಕ್ಕಿಯದು, ಉಷ್ಟ್ರಪಕ್ಷಿಗಿಂತ ಭಾರವಾದ ಹಕ್ಕಿಯದು ಎಂದು ಬರೆದ. ಅದನ್ನು ಪ್ರಕಟಿಸಲು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಸಮಿತಿ ಹಿಂದೆಮುಂದೆ ನೋಡಿತು. ಹೊಣೆ ಪೂರ್ತಿ ಅವನದೇ ಎಂಬ ಮಾತಿನ ಮೇಲೆ ಅಚ್ಚಾಯಿತು. 1843ರಲ್ಲಿ ಮೋವಾ ಎಂಬ ಆ ದೈತ್ಯ ಹಕ್ಕಿಯ ಮೂಳೆಗಳು ಪೆಟ್ಟಿಗೆಗಟ್ಟಲೆ ಬಂದು ತಲುಪಿದಾಗ ಅವನು ಗೆದ್ದ, ಡೈನಾರ್ನಿಸ್ ಎಂದು ಹೆಸರಿಟ್ಟ.

ಕಥೆಯನ್ನು ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ಆಮೇಲೆ ನಡೆದದ್ದು ಇನ್ನೂ ಸ್ವಾರಸ್ಯದ್ದು. ಮೂಳೆಗಳು ಬಂದಂತೆಲ್ಲ ದೊಡ್ಡ ಕಾಲಿಗೆ ಒಂದು ಹೆಸರು, ಚಿಕ್ಕ ಕಾಲಿಗೆ ಇನ್ನೊಂದು ಹೆಸರು ಬಿದ್ದವು. ಓವನ್ ಇಟ್ಟ, ಆಮೇಲೆ ಬಂದವರೂ ಇಟ್ಟರು. 20ನೇ ಶತಮಾನದ ಆರಂಭದ ಹೊತ್ತಿಗೆ ಮೋವಾ ಪ್ರಭೇದಗಳ ಪಟ್ಟಿ ಮೂವತ್ತು ದಾಟಿತ್ತು. 2003ರಲ್ಲಿ ಮೂಳೆಗಳಿಂದ ಡಿಎನ್ಎ ತೆಗೆದು ನೋಡಿದರು. ಹಕ್ಕಿಗಳಲ್ಲಿ ಹೆಣ್ಣಿಗೆ ಮಾತ್ರ ಡಬ್ಲ್ಯೂ ವರ್ಣತಂತು ಇರುತ್ತದೆ, ಆದ್ದರಿಂದ ಸತ್ತು ನೂರಾರು ವರ್ಷವಾದ ಮೂಳೆಯ ಲಿಂಗವನ್ನೂ ಹೇಳಬಹುದು. ದೊಡ್ಡ ಡೈನಾರ್ನಿಸ್‌ಗಳೆಲ್ಲ ಹೆಣ್ಣು, ಚಿಕ್ಕವು ಗಂಡು! ಗಂಡಹೆಂಡಿರನ್ನು ನೂರೈವತ್ತು ವರ್ಷ ಬೇರೆ ಬೇರೆ ಪ್ರಭೇದಗಳೆಂದು ಬೇರೆ ಬೇರೆ ಹೆಸರಿನಲ್ಲಿ ಇಟ್ಟಿದ್ದೆವು. ಹೆಣ್ಣಿನ ತೂಕ ಗಂಡಿನ ಎರಡೂವರೆ ಪಟ್ಟಿಗೂ ಹೆಚ್ಚು ಇರಬಹುದೆಂದು ಯಾರು ಊಹಿಸಿಯಾರು? ಈಗ ಸಾಮಾನ್ಯವಾಗಿ ಒಪ್ಪಿತವಾಗಿರುವ ಮೋವಾ ಪ್ರಭೇದಗಳು ಒಂಬತ್ತು.

ಹೀಗೆ ಮೂಳೆ ಒಂದನ್ನು ಎರಡಾಗಿ ತೋರಿಸುತ್ತದೆ. ಇದಕ್ಕೆ ತಿರುಗುಮುರುಗಾದ ಮೋಸವೂ ಇದೆ, ಅದರ ಬಗ್ಗೆ ಯಾರೂ ಮಾತನಾಡುವುದಿಲ್ಲ. ಎಲೆಗಳ ನಡುವೆ ಹುಳ ಹೆಕ್ಕುವ ಪುಟ್ಟ ಉಲಿಯಕ್ಕಿಗಳನ್ನು ನೋಡಿದವರಿಗೆ ಗೊತ್ತು, ಬದುಕಿರುವಾಗಲೇ ಅವು ನಮ್ಮನ್ನು ಗೋಳಾಡಿಸುತ್ತವೆ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಗಿಲ್ಬರ್ಟ್ ವೈಟ್ ಅಂಥ ಮೂರು ಹಕ್ಕಿಗಳನ್ನು ಬೇರ್ಪಡಿಸಿದ್ದು ಮುಖ್ಯವಾಗಿ ಹಾಡು ಕೇಳಿ. ಅವುಗಳ ಮೂಳೆಗಳನ್ನಷ್ಟೇ ಮಣ್ಣಿನಲ್ಲಿ ಬೆರೆಸಿಟ್ಟರೆ ಎಷ್ಟು ಮಂದಿ ಮೂರು ಎಂದು ಎಣಿಸುತ್ತಾರೆ? ಹಾಡಿನಲ್ಲಿ ಮಾತ್ರ ಬೇರೆಯಾಗಿದ್ದ ಹಕ್ಕಿಗಳು ಎಷ್ಟೋ ಅಳಿದಿರಬೇಕು. ಮೂಳೆಯ ಲೆಕ್ಕದಲ್ಲಿ ಅವು ಎಂದಿಗೂ ಬರುವುದಿಲ್ಲ.

ಮೂರನೆಯ ಮೋಸ ಮೂಳೆಯದಲ್ಲ, ನೋಡುವವರದು. ನ್ಯೂಜಿಲೆಂಡ್‌ನ ಸೇಂಟ್ ಬ್ಯಾಥನ್ಸ್ ಬಳಿ 2008ರಲ್ಲಿ ಸಿಕ್ಕ ದಪ್ಪನೆಯ ಕಾಲಿನ ಮೂಳೆಗಳನ್ನು ಹದ್ದಿನದಿರಬೇಕು ಎಂದುಕೊಂಡು ಕಪಾಟಿನಲ್ಲಿ ಇಟ್ಟರು. ದೊಡ್ಡ ಹಕ್ಕಿ ಎಂದರೆ ಹದ್ದಲ್ಲದೆ ಮತ್ತೇನು? ವರ್ಷಗಳ ನಂತರ ಹದ್ದುಗಳ ಅಧ್ಯಯನಕ್ಕೆ ತೊಡಗಿದ ವಿದ್ಯಾರ್ಥಿನಿಯೊಬ್ಬಳು ಮತ್ತೆ ಕೈಗೆತ್ತಿಕೊಂಡಾಗ ಅವು ಹದ್ದಿಗೆ ಹೊಂದಲಿಲ್ಲ. ಡ್ರಾಯರ್ ಮೇಲೆ ಡ್ರಾಯರ್ ತೆರೆದು ಹೋಲಿಸಿದ ಮೇಲೆ ಹೊರಬಿದ್ದದ್ದು ಗಿಳಿ. ಸುಮಾರು ಒಂದು ಮೀಟರ್ ಎತ್ತರದ, ಏಳು ಕಿಲೋ ತೂಕದ ಗಿಳಿ! 2019ರಲ್ಲಿ ಅದಕ್ಕೆ ಹೆರಾಕ್ಲಿಸ್ ಇನೆಕ್ಸ್‌ಪೆಕ್ಟೇಟಸ್ ಎಂದು ಹೆಸರಿಟ್ಟರು. ಎರಡನೆಯ ಪದದ ಅರ್ಥ ‘ನಿರೀಕ್ಷಿಸದಿದ್ದದ್ದು’. ಹೆಸರಿನಲ್ಲೇ ತಮ್ಮ ತಪ್ಪನ್ನು ಒಪ್ಪಿಕೊಂಡ ಆ ಸಜ್ಜನಿಕೆ ನನಗೆ ಹಿಡಿಸಿತು. ಪತ್ರಿಕೆಗಳಿಗೆ ಹಿಡಿಸಿದ್ದು ಗಿಳಿಯ ಗಾತ್ರ.

ಹೆಸರಿಡುವುದಕ್ಕೆ ಕಟ್ಟಳೆಗಳಿವೆ. ಬೇರೆ ಪ್ರಭೇದಗಳಿಗಿಂತ ಇದು ಹೇಗೆ ಭಿನ್ನ ಎಂದು ಬರೆಯಬೇಕು. ಈ ಹೆಸರನ್ನು ಹೊರುವ ಮಾದರಿ ಇದು ಎಂದು ಒಂದನ್ನು ಬೊಟ್ಟುಮಾಡಿ ತೋರಿಸಬೇಕು. 2000ದಿಂದ ಈಚೆಗೆ ಪ್ರಕಟವಾಗುವ ಹೆಸರುಗಳಿಗೆ ಇದು ಕಡ್ಡಾಯ. ಆ ಹೋಲೋಟೈಪ್ ಒಂದು ಮೂಳೆಯಾದರೂ ಸರಿ. ಎಷ್ಟೋ ಸಲ ಒಂದೇ ಮೂಳೆಯಾಗಿರುವುದು ಕ್ಷೇಮ ಕೂಡ, ಯಾಕೆಂದರೆ ಗುಹೆಯ ಮಣ್ಣಿನಲ್ಲಿ ಹತ್ತು ಹಕ್ಕಿಗಳ ಎಲುಬು ಕಲಸಿಹೋಗಿರುತ್ತವೆ. ಒಂದರ ಕಾಲು, ಇನ್ನೊಂದರ ರೆಕ್ಕೆ ಸೇರಿಸಿದರೆ ಎಲ್ಲೂ ಇಲ್ಲದ ಪ್ರಾಣಿ ಹುಟ್ಟುತ್ತದೆ. 1999ರಲ್ಲಿ ಆರ್ಕಿಯೋರ್‍ಯಾಪ್ಟರ್ ಎಂಬ ಹೆಸರಿನಲ್ಲಿ ಮೆರೆದ ಚೀನಾದ ಕಲ್ಲು ಇಂಥದ್ದೇ ಒಂದು ಅಂಟಿಸಿದ ಮಾಲು. ಮುಂಭಾಗ ಪ್ರಾಚೀನ ಹಕ್ಕಿಯದು, ಬಾಲ ಪುಟ್ಟ ಡೈನೋಸಾರ್‌ನದು.

ಇಲ್ಲಿ ನನ್ನ ಮುಖ್ಯ ದೂರು ಹೇಳಿಬಿಡುತ್ತೇನೆ. ಹೆಸರಿಟ್ಟ ದಿನ ಊರೆಲ್ಲ ಸುದ್ದಿ, ಹೆಸರು ಬಿದ್ದುಹೋದ ದಿನ ಮೌನ. 2018ರಲ್ಲಿ ಮಡಗಾಸ್ಕರ್‌ನಲ್ಲಿ ಅಳಿದುಹೋದ ದೈತ್ಯ ಆನೆಹಕ್ಕಿಗಳ ಮೂಳೆಗಳನ್ನು ಅಳೆದು ವೊರೊಂಬೆ ಎಂಬ ಹೊಸ ಕುಲವನ್ನು, ಅಂದರೆ ಪ್ರಭೇದಕ್ಕಿಂತ ಮೇಲಿನ ಗುಂಪನ್ನು, ಪ್ರತ್ಯೇಕಿಸಿ ಅದರ ಪ್ರಭೇದವನ್ನು ವೊರೊಂಬೆ ಟೈಟನ್ ಎಂದು ಕರೆದರು. ಜಗತ್ತಿನ ಅತಿದೊಡ್ಡ ಹಕ್ಕಿ ಎಂದು ಎಲ್ಲೆಡೆ ಬಂತು, ನಾನೂ ಹುಮ್ಮಸ್ಸಿನಲ್ಲಿ ಹಂಚಿಕೊಂಡಿದ್ದೆ. 2023ರಲ್ಲಿ ಮೊಟ್ಟೆಯ ಚಿಪ್ಪುಗಳ ಡಿಎನ್ಎ ನೋಡಿದ ಇನ್ನೊಂದು ತಂಡಕ್ಕೆ ಅದು ಬೇರೆ ಕುಲ ಎನ್ನಲು ಆಧಾರ ಕಾಣಲಿಲ್ಲ. ಮೊದಲೇ ಗೊತ್ತಿದ್ದ ಈಪಿಯಾರ್ನಿಸ್‌ನ ದೊಡ್ಡ ಹೆಣ್ಣುಗಳೇ ಇರಬಹುದು ಎಂದರು. ಮತ್ತೆ ಅದೇ ಮೋವಾ ಕಥೆ. ಈ ಎರಡನೆಯ ಸುದ್ದಿಯನ್ನು ಹಂಚಿಕೊಂಡವರು ನನ್ನ ಗೆಳೆಯರ ಪಟ್ಟಿಯಲ್ಲಿ ಒಬ್ಬರೂ ಇರಲಿಲ್ಲ. ನಾನೂ ಹಂಚಿಕೊಂಡಿರಲಿಲ್ಲ.

‘ನೋಡಿ, ಇವರಿಗೇ ಖಚಿತವಿಲ್ಲ’ ಎಂದು ಇದನ್ನೆಲ್ಲ ಹಿಡಿದು ಆಡಿಕೊಳ್ಳುವವರಿದ್ದಾರೆ. ಅವರ ಮಾತು ನನಗೆ ಒಪ್ಪಿಗೆಯಿಲ್ಲ. 2018ರವರು ಅಳತೆಗಳನ್ನು ಪ್ರಕಟಿಸಿ, ಯಾವ ಮೂಳೆ ಎಲ್ಲಿದೆ ಎಂದು ಬರೆದಿಟ್ಟದ್ದರಿಂದಲೇ 2023ರವರು ಅವರನ್ನು ಪ್ರಶ್ನಿಸಲು ಸಾಧ್ಯವಾಯಿತು. ಹಾಗೆಂದು ಒಂಟಿ ಬೆರಳೆಲುಬಿಗೂ ಲ್ಯಾಟಿನ್ ಹೆಸರು ಕೊಡುವ ಆತುರ ನನಗೆ ಸೇರದು. ‘ಹುಂಡುಕೋಳಿಯ ಬಳಗ, ಪ್ರಭೇದ ಅನಿಶ್ಚಿತ’ ಎಂದು ಚೀಟಿ ಅಂಟಿಸಿ ಪೆಟ್ಟಿಗೆ ಮುಚ್ಚುವವರನ್ನು ಕಂಡರೆ ನನಗೆ ಗೌರವ ಜಾಸ್ತಿ. ಆ ಪೆಟ್ಟಿಗೆ ಕಾಯುತ್ತದೆ, ಅದಕ್ಕೇನು ಹಸಿವೇ?

ಆತುರ ಬೇಡ ಎಂದೆ, ಆದರೆ ಹೆಸರೇ ಬೇಡ ಎನ್ನಲಾರೆ. ಹವಾಯಿ ದ್ವೀಪಗಳ ಲಾವಾ ಸುರಂಗ, ಮರಳದಿಣ್ಣೆ, ಕುಸಿಗುಂಡಿಗಳಿಂದ ಆರಿಸಿದ ಮೂಳೆಗಳನ್ನು ವರ್ಷಗಟ್ಟಲೆ ಹೋಲಿಸಿ ಸ್ಟಾರ್ಸ್ ಓಲ್ಸನ್ ಮತ್ತು ಹೆಲೆನ್ ಜೇಮ್ಸ್ 1991ರಲ್ಲಿ ಒಟ್ಟಿಗೆ 32 ಹೊಸ ಪ್ರಭೇದಗಳನ್ನು ವರ್ಣಿಸಿದರು. ಅವುಗಳಲ್ಲಿ ಹಾರಲಾರದ ದೈತ್ಯ ಬಾತುಗಳಿದ್ದವು, ಒಂದರ ದವಡೆ ಆಮೆಯ ದವಡೆಯಂತಿತ್ತು. ಇವು ಡೈನೋಸಾರ್ ಕಾಲದವಲ್ಲ. ಮನುಷ್ಯರು ದೋಣಿಯಲ್ಲಿ ಬಂದು ಇಳಿದ ಮೇಲೆ ಅಳಿದ ಹಕ್ಕಿಗಳು ಅವುಗಳಲ್ಲಿ ಬಹಳ. ಆ ಮೊದಲ ಜನ ಅವುಗಳನ್ನು ಕಣ್ಣಾರೆ ಕಂಡಿದ್ದರೆ ತಮ್ಮ ಭಾಷೆಯಲ್ಲಿ ಏನೋ ಕರೆದೇ ಇರಬೇಕು. ಆ ಪದಗಳು ಹಕ್ಕಿಗಳ ಜೊತೆಗೇ ಹೋದವು. ಮೋವಾ ಎಂಬ ಪದವೂ ಪಾಲಿನೇಷ್ಯಾದ ಹಲವು ಭಾಷೆಗಳಲ್ಲಿ ಸಾಕುಕೋಳಿಯ ಹೆಸರು. ಎರಡಾಳೆತ್ತರದ ಹಕ್ಕಿಯನ್ನು ನಾವು ಇವತ್ತಿಗೂ ಕೋಳಿ ಎಂದೇ ಕರೆಯುತ್ತಿದ್ದೇವೆ.

ಇನ್ನೊಂದು ಕಲ್ಲಿನ ಕಥೆ ಹೇಳಿ ಮುಗಿಸುತ್ತೇನೆ. ಜರ್ಮನಿಯ ಹರ್ಮನ್ ಫಾನ್ ಮೇಯರ್ 1857ರಲ್ಲಿ ಒಂದು ಪಳೆಯುಳಿಕೆಯನ್ನು ಹಾರುವ ಸರೀಸೃಪ ಎಂದು ಗುರುತಿಸಿ, ಟೆರೊಡಾಕ್ಟಿಲಸ್ ಕ್ರಾಸಿಪೆಸ್ ಎಂದು ಹೆಸರಿಟ್ಟ. ನಾಲ್ಕು ವರ್ಷಗಳ ಬಳಿಕ, 1861ರಲ್ಲಿ, ಗರಿಗಳಿದ್ದ ಪ್ರಾಚೀನ ಹಕ್ಕಿಗೆ ಆರ್ಕಿಯೋಪ್ಟೆರಿಕ್ಸ್ ಎಂಬ ಜಗತ್ಪ್ರಸಿದ್ಧ ಹೆಸರನ್ನು ಕೊಟ್ಟವನೂ ಅವನೇ. ಮೊದಲ ಕಲ್ಲು ನೆದರ್ಲೆಂಡ್ಸ್‌ನ ಹಾರ್ಲೆಮ್‌ನ ಸಂಗ್ರಹಾಲಯದಲ್ಲಿ ಸರೀಸೃಪದ ಚೀಟಿ ಹೊತ್ತು ನೂರು ವರ್ಷಕ್ಕೂ ಹೆಚ್ಚು ಕಾಲ ಕುಳಿತಿತ್ತು. 1970ರಲ್ಲಿ ಅಮೆರಿಕದ ಪಳೆಯುಳಿಕೆ ತಜ್ಞ ಜಾನ್ ಆಸ್ಟ್ರಮ್ ಅದನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಗರಿಗಳ ಅಸ್ಪಷ್ಟ ಗುರುತು ಕಂಡವು. ಸರೀಸೃಪವಲ್ಲ, ಇದೂ ಆರ್ಕಿಯೋಪ್ಟೆರಿಕ್ಸ್ ಎಂದ ಅವನು. 2017ರಲ್ಲಿ ಮತ್ತಿಬ್ಬರು ನೋಡಿ, ಅದೂ ಅಲ್ಲ, ಹಕ್ಕಿಯನ್ನು ಹೋಲುವ ಬೇರೊಂದು ಡೈನೋಸಾರ್ ಎಂದು ವಾದಿಸಿ, ಆಸ್ಟ್ರಮ್‌ನ ಹೆಸರಿನಲ್ಲೇ ಆಸ್ಟ್ರಮಿಯಾ ಎಂಬ ಕುಲ ಕಟ್ಟಿದರು. ಮೇಯರ್ ಇಟ್ಟ ಹೆಸರಿನಲ್ಲಿ ಈಗ ಉಳಿದಿರುವುದು ಎರಡನೆಯ ಪದ ಮಾತ್ರ. ಆಸ್ಟ್ರಮಿಯಾ ಕ್ರಾಸಿಪೆಸ್. ಆ ಪದದ ಅರ್ಥ ‘ದಪ್ಪ ಪಾದದ್ದು’.