ಬಾಲ್ಕನಿ ತುಂಬ ಕೆರಿ, ನಳದಾಗ ಗಾಳಿ

ಕೆರೆ ದಂಡೆಗೆ ಏಳುತ್ತಿರುವ ಫ್ಲ್ಯಾಟ್‌ಗಳದು, ರಿಂಗ್ ರೋಡ್ ತಿರುವಿನ ಆ ಹೋರ್ಡಿಂಗ್ ನೀವೂ ನೋಡಿರುತ್ತೀರಿ. ನೀಲಿ ನೀರು, ಮೇಲೊಂದು ಬಿಳಿ ದೋಣಿ, ಬಾಲ್ಕನಿಯಲ್ಲಿ ಕಾಫಿ ಹಿಡಿದು ನಿಂತ ಹೆಣ್ಣುಮಗಳು. ಕಲಬುರಗಿಯ ಮೇ ತಿಂಗಳಲ್ಲಿ ಆಕೆ ಸ್ವೆಟರ್ ಹಾಕಿದ್ದಾಳೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ವಾಟರ್‌ಫ್ರಂಟ್ ಲಿವಿಂಗ್’. ನಮ್ಮೂರಲ್ಲಿ ವಾಟರ್‌ಫ್ರಂಟ್ ಅಂದ್ರೆ ಟ್ಯಾಂಕರ್ ಮುಂದಿನ ಸಾಲು. ಕೊಡ ಹಿಡಿದು ಮೊದಲು ನಿಂತವರದೇ ವಾಟರ್‌ಫ್ರಂಟ್.

ಕೆರೆ ಯಾವುದು ಅಂತ ನಾನು ಹೇಳುವುದಿಲ್ಲ. ಗಾಳಿ ಬೀಸಿದ ದಿನ ಅದೇ ವಿಳಾಸ ಹೇಳುತ್ತದೆ. ಸುತ್ತಲಿನ ಓಣಿಗಳ ನಾಲಾ ಎಲ್ಲ ಅಲ್ಲಿಗೇ ಬಂದು ಸೇರುತ್ತದೆ. ಮೇಲೆ ದಟ್ಟ ಅಂತರಗಂಗೆ. ದೂರದಿಂದ ನೋಡಿದರೆ ಕ್ರಿಕೆಟ್ ಮೈದಾನ. ಅದರಲ್ಲಿ ಆ ಬಿಳಿ ದೋಣಿ ಹೇಗೆ ಓಡಿಸುತ್ತಾರೋ, ಚಕ್ರ ಹಚ್ಚಿ ತಳ್ಳಬೇಕೇನೋ.

ಸುಮ್ನೆ ಹಳಿಯಬಾರದು ಅಂತ ಒಂದು ದಿನ ಸ್ಯಾಂಪಲ್ ಫ್ಲ್ಯಾಟ್ ನೋಡಲು ಹೋದೆ. ಟೈ ಕಟ್ಟಿದ ಹುಡುಗ ಬಾಗಿಲಲ್ಲೇ ಹಿಡಿದ. ಹಾಲ್‌ನ ಪಶ್ಚಿಮದ ಗೋಡೆ ಪೂರ್ತಿ ಗಾಜು.

‘ಸಂಜಿಗಿ ಸೂರ್ಯ ಮುಳುಗೋದು ಪೂರಾ ಕಾಣ್ತದ್ರಿ ಸರ್.’

‘ಮಧ್ಯಾಹ್ನ ಮುಳುಗಲಾರದ ಸೂರ್ಯಗ ಏನ್ ಮಾಡ್ಬೇಕು ತಮ್ಮಾ?’

‘ಅದಕ್ಕ ಎಸಿ ಪಾಯಿಂಟ್ ಕೊಟ್ಟೇವ್ರಿ. ಹಾಲ್‌ದಾಗೇ ಎರಡು.’

‘ಕಿಟಕಿ ತೆಗದ್ರ?’

‘ತೆಗೀಬ್ಯಾಡ್ರಿ ಸರ್. ಸೊಳ್ಳಿ ಬರ್ತಾವ.’

ಹುಡುಗನ ಪ್ರಾಮಾಣಿಕತೆಗೆ ಕೈ ಮುಗಿಯಬೇಕು ಅನ್ನಿಸಿತು. ನಮ್ಮ ಅಜ್ಜ ಕಟ್ಟಿದ ಮನೆಗೆ ಮೊಳ ದಪ್ಪದ ಗೋಡೆ, ಗೇಣಗಲದ ಕಿಟಕಿ, ನೆಲಕ್ಕೆ ಶಹಾಬಾದ್ ಪರಸಿ. ಮಧ್ಯಾಹ್ನ ಪರಸಿಗೆ ಒಂದು ತಂಬಿಗೆ ನೀರು ಚಿಮುಕಿಸಿ ಮಲಗಿದರೆ 43 ಡಿಗ್ರಿ ಬಿಸಿಲು ಹೊರಗೇ ನಿಂತು ಕಾಯುತ್ತಿತ್ತು. ಅಜ್ಜನಿಗೆ ಡಿಸೈನ್ ಗೊತ್ತಿರಲಿಲ್ಲ, ಪಾಪ. ಬಿಸಿಲು ಗೊತ್ತಿತ್ತು.

ಕೆರೆ ಕಡೆಯ ಫ್ಲ್ಯಾಟ್‌ಗೆ ರೇಟ್ ಜಾಸ್ತಿ. ಅದು ನೋಟದ ಚಾರ್ಜಂತೆ. ಮನೆ ಕೊಳ್ಳುವವರ ಹಿತ ಕಾಯುವ 2016ರ ರೇರಾ ಕಾಯ್ದೆ ಬಂದ ಮೇಲೆ ಒಳಗಿನ ಕಾರ್ಪೆಟ್ ಏರಿಯಾ ಎಷ್ಟು ಅಂತ ಬಿಲ್ಡರ್ ಹೇಳಲೇಬೇಕು. ಗಿರಾಕಿಯ ದುಡ್ಡಿನಲ್ಲಿ ಶೇ. 70ರಷ್ಟನ್ನು ಬೇರೆ ಖಾತೆಯಲ್ಲಿ ಇಡಬೇಕು. ಒಳ್ಳೆಯ ಕಾಯ್ದೆ. ಆದರೆ ನೋಟವನ್ನು ಅಳೆಯುವ ಟೇಪು ಯಾವ ಕಾಯ್ದೆಯಲ್ಲೂ ಇಲ್ಲ. ನಾಳೆ ನಡುವೆ ಇನ್ನೊಂದು ಬಿಲ್ಡಿಂಗ್ ಎದ್ದರೆ ಚಾರ್ಜ್ ವಾಪಸ್ ಕೊಡ್ತೀರಾ ಅಂತ ಕೇಳಿದೆ. ಹುಡುಗ ನನಗೆ ತಣ್ಣನೆಯ ನೀರು ಕೊಟ್ಟ. ಬಾಟಲಿ ನೀರು.

ನೀರು ಅಂದಾಗ ಬೀದರ್ ನೆನಪಾಗುತ್ತದೆ. ನೌಬಾದ್ ಕಡೆ ಹೋದವರು ಕರೇಜ್ ನೋಡಿರುತ್ತೀರಿ. ಬಹಮನಿ ಕಾಲದ ಕೆಲಸ. ನೆಲದೊಳಗೆ ಸುರಂಗ ಕೊರೆದು, ನಡುನಡುವೆ ಬಾವಿಯಂಥ ಕಿಂಡಿ ಬಿಟ್ಟು, ಇಳಿಜಾರಿಗೆ ನೀರು ತಾನೇ ಹರಿದು ಬರುವಂತೆ ಮಾಡಿದ್ದರು. ಪಂಪಿಲ್ಲ, ಕರೆಂಟಿಲ್ಲ, ಬಿಸಿಲಿಗೆ ಆರಿಹೋಗುವ ಭಯವೂ ಇಲ್ಲ. ಆದರೆ ಎಂಥ ದಡ್ಡರು ನೋಡಿ! ನೀರನ್ನು ಮುಚ್ಚಿಟ್ಟರೆ ನೋಟದ ಚಾರ್ಜ್ ಹಾಕುವುದು ಹೇಗೆ? ಅವರಿಗೆ ನೀರು ಸಿಕ್ಕಿತು, ವ್ಯೂ ಸಿಗಲಿಲ್ಲ. ನಮಗೆ ವ್ಯೂ ಸಿಕ್ಕಿದೆ.

ಬೆಳಗಿನ ವಾಕಿಂಗ್ ಆ ದಾರಿಯಲ್ಲೇ, ಹಾಗಾಗಿ ಕಟ್ಟಡ ಏಳುವುದನ್ನು ಮೊದಲಿನಿಂದ ನೋಡುತ್ತಿದ್ದೇನೆ. ಪಾರ್ಕಿಂಗ್‌ಗೆ ತಗ್ಗು ತೋಡಿದರು. ಎರೆಮಣ್ಣು, ಪಕ್ಕದಲ್ಲಿ ಕೆರೆ. ಮೂರನೇ ದಿನ ತಗ್ಗಿನಲ್ಲಿ ಎದೆಮಟ್ಟ ನೀರು. ಎರಡು ಪಂಪು ಹಚ್ಚಿ ಹಗಲು ರಾತ್ರಿ ಹೊರಗೆ ಚೆಲ್ಲಿದರು. ಆ ನೀರು ನಾಲಾಕ್ಕೆ, ನಾಲಾ ಕೆರೆಗೆ, ಕೆರೆ ಮತ್ತೆ ತಗ್ಗಿಗೆ. ಪಂಪಿನವನಿಗೆ ನಾಲ್ಕು ತಿಂಗಳು ಪಗಾರ.

ಆಮೇಲೆ ಸ್ಲ್ಯಾಬ್ ಬಿತ್ತು. ಕಾಂಕ್ರೀಟನ್ನು ಕನಿಷ್ಠ 7 ದಿನ ಒದ್ದೆ ಇಡಬೇಕು, ಅದೂ ಒಳ್ಳೆಯ ನೀರಲ್ಲಿ. ಕೆರೆಯ ನೀರು ಕಾಂಕ್ರೀಟಿಗೂ ಆಗಿಬರುವುದಿಲ್ಲವಂತೆ! ಅದಕ್ಕೆ ಟ್ಯಾಂಕರ್ ಬಂತು. ಗೇಟಿನ ಎಡಗಡೆ ಪೈಪು ನೀರು ಹೊರಗೆ ಕಕ್ಕುತ್ತಿತ್ತು, ಬಲಗಡೆ ಟ್ಯಾಂಕರ್ ದುಡ್ಡಿನ ನೀರು ಒಳಗೆ ಬಿಡುತ್ತಿತ್ತು. ಇವೆರಡರ ನಡುವೆ ನಿಂತು ಒಂದು ಎಮ್ಮೆ ಎರಡೂ ಕಡೆ ನೋಡಿತು. ಯಾವುದನ್ನೂ ಕುಡಿಯಲಿಲ್ಲ.

ಕೆರೆಗೆ ಇಷ್ಟು ಹತ್ತಿರ ಕಟ್ಟಲು ಬಿಟ್ಟವರು ಯಾರು ಅಂತ ಕೇಳಿದರೆ ಕಾಗದ ತೋರಿಸುತ್ತಾರೆ. ಕಾಗದ ಯಾವಾಗಲೂ ಸರಿ ಇರುತ್ತದೆ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಿಡಿ ಅಂತ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ರಾಜಧಾನಿಯ ಕೆರೆಗಳ ಗತಿಯೇ ಹೀಗೆ. ನಮ್ಮ ಕೆರೆಗೆ ಮೀಟರ್ ಹಿಡಿದು ಯಾರು ಬರುತ್ತಾರೆ?

ನಗು ಇಲ್ಲಿಗೆ ಸಾಕು. 2008ರಲ್ಲಿ ಇದೇ ಊರಿನ ಕೆಲವು ವಾರ್ಡ್‌ಗಳಿಗೆ ದಿನದ 24 ಗಂಟೆ ನಳದ ನೀರು ಬಿಟ್ಟು ತೋರಿಸಿದ್ದರು. ಆಗುತ್ತದೆ ಅಂತ ಅವತ್ತೇ ಗೊತ್ತಾಗಿತ್ತು. ನಮ್ಮ ಓಣಿಯಲ್ಲಿ ಇವತ್ತಿಗೂ ನನ್ನ ಅತ್ತಿಗೆ ರಾತ್ರಿ ಎರಡಕ್ಕೆ ಎದ್ದು ನಳಕ್ಕೆ ಕಿವಿ ಹಚ್ಚುತ್ತಾಳೆ. ಮೊದಲು ಗಾಳಿ ಬರುತ್ತದೆ, ಸುಸ್ ಅಂತ. ಕೆಲವು ದಿನ ಗಾಳಿ ಮಾತ್ರ. ಭೀಮಾ ನದಿ ಇದೆ, ಬೆಣ್ಣೆತೊರಾ ಇದೆ, ಊರ ನಡುವೆ ಕೆರೆ ಇದೆ. ಆ ಕೆರೆಯನ್ನು ಹೊಲಸು ಮಾಡಿದ್ದು ನಾವೇ. ಈಗ ಅದೇ ಹೊಲಸಿನ ಕಡೆ ಗಾಜು ಹಚ್ಚಿ ದುಡ್ಡು ಕೇಳುತ್ತಿದ್ದಾರೆ, ಕೊಡಲು ನಾವು ಸಾಲ ತೆಗೆಯುತ್ತಿದ್ದೇವೆ. ಸಿಟ್ಟು ಮಾಡಲಿಕ್ಕೂ ಬೇಜಾರು.

ನಿನ್ನೆ ಸಂಜೆ ಅಲ್ಲಿಯ ವಾಚ್‌ಮನ್ ಸೈಕಲ್ ತಳ್ಳಿಕೊಂಡು ನಮ್ಮ ಓಣಿಗೆ ಬಂದ. ಹ್ಯಾಂಡಲ್‌ನ ಎರಡೂ ಕಡೆ ಖಾಲಿ ಪ್ಲಾಸ್ಟಿಕ್ ಕೊಡ.

‘ಕಾಕಾ, ನಿಮ್ಮ ಕಡಿ ಇವತ್ತ ನಳ ಬಂದದೇನ್ರಿ?’