ದ್ವೀಪಕ್ಕೊಂದು ಕಂಬಳಿ

ನಮ್ಮ ಚಿತ್ರದುರ್ಗದವರಿಗೆ ನೀರು ನೋಡುವುದೇ ಒಂದು ಜಾತ್ರೆ. ಮಾರಿಕಣಿವೆ ಕೋಡಿ ಬಿದ್ದರೆ ಟ್ರ್ಯಾಕ್ಟರ್ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು ಹೋಗುವ ಜನ ನಾವು. 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. ನೋಡಿದ್ದೆ ಅನ್ನುತ್ತಿದ್ದ ಅಜ್ಜಂದಿರೂ ಅಷ್ಟರಲ್ಲಿ ಹೋದರು, ನೋಡಬೇಕು ಅನ್ನುತ್ತಿದ್ದ ಅಪ್ಪಂದಿರೂ ಹೋದರು.

ಇಂಥ ಊರಿನವನಿಗೆ ಅಕ್ಕನ ಮಗ ಫೋನ್ ಮಾಡಿ, ‘ಮಾವ, ದ್ವೀಪಕ್ಕೆ ಹೋಗೋಣ. ಬ್ಯಾಕ್‌ಪ್ಯಾಕಿಂಗ್’ ಅಂದ. ಅದೇನು ಅಂತ ಕೇಳಿದೆ. ಸೂಟ್‌ಕೇಸ್ ಇಲ್ಲ, ಕಾರ್ ಇಲ್ಲ, ಬೇಕಾದ್ದೆಲ್ಲ ಬೆನ್ನ ಮೇಲೆ ಹಾಕ್ಕೊಂಡು ಹೊರಡೋದು ಅಂದ. ಇದನ್ನೇ ನಮ್ಮ ಮನೆಯವರು ನಾಯಕನಹಟ್ಟಿ ಜಾತ್ರೆಗೆ ಗಂಟು ಕಟ್ಟಿಕೊಂಡು ಹೋಗೋದು ಅನ್ನುತ್ತಿದ್ದರು. ಗಂಟು ತಲೆ ಮೇಲಿರುತ್ತಿತ್ತು, ಅಷ್ಟೇ.

ಅವನು ಕಳಿಸಿದ ಬ್ಯಾಗಿಗೆ ಹನ್ನೊಂದು ಜಿಪ್ಪು. ಯಾವ ಜಿಪ್ಪಿನಲ್ಲಿ ಏನಿಟ್ಟೆ ಅನ್ನುವುದು ಇಟ್ಟ ಮರುಕ್ಷಣವೇ ಮರೆತುಹೋಗುತ್ತಿತ್ತು. ರೊಟ್ಟಿ ಸಿಕ್ಕಿದಾಗ ಶೇಂಗಾ ಚಟ್ನಿಪುಡಿ ಸಿಗುತ್ತಿರಲಿಲ್ಲ, ಚಟ್ನಿಪುಡಿ ಸಿಕ್ಕಿದಾಗ ರೊಟ್ಟಿ ಮುಗಿದಿತ್ತು. ಹೊರಡುವ ಹೊತ್ತಿಗೆ ನನ್ನವಳು ಚಳ್ಳಕೆರೆ ಕಂಬಳಿ ತಂದು ತುರುಕಿದಳು. ‘ರೀ, ಸಮುದ್ರದ ಗಾಳಿ, ನೆಗಡಿ ಆದೀತು’ ಅಂದಳು. ಅವಳೂ ಸಮುದ್ರ ನೋಡಿದವಳಲ್ಲ, ನಾನೂ ಅಲ್ಲ. ಯಾರು ಯಾರಿಗೆ ಬುದ್ಧಿ ಹೇಳೋದು?

ಶಿವಮೊಗ್ಗ, ಆಗುಂಬೆ, ಘಾಟಿಯ ತಿರುವುಗಳು, ಉಡುಪಿ. ದಾರಿಯ ಬಗ್ಗೆ ಜಾಸ್ತಿ ಹೇಳಲ್ಲ. ಘಾಟಿಯಲ್ಲಿ ನಾನು ಕಣ್ಣು ಮುಚ್ಚಿದ್ದೆ, ಅವನು ನಿಂಬೆಹಣ್ಣು ಮೂಸುತ್ತಿದ್ದ. ಮಲ್ಪೆಯಲ್ಲಿ ಬೋಟು ಹತ್ತಿದೆವು. ಅಲ್ಲಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿದೆ ಸೇಂಟ್ ಮೇರೀಸ್ ದ್ವೀಪ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಆ ಹೆಸರಿಟ್ಟ ಅಂತ ಹೇಳುತ್ತಾರೆ. ಅವನ ಹೆಗಲ ಮೇಲೆ ಕಂಬಳಿ ಇರಲಿಲ್ಲ ಅನ್ನುವುದು ಮಾತ್ರ ಖಾತ್ರಿ.

ಇಳಿಯುವಾಗ ಮೊಣಕಾಲುದ್ದ ನೀರು. ಬ್ಯಾಗು ನೋಡಿ ಬೋಟಿನವರು, ‘ಇಷ್ಟು ದೊಡ್ಡದರಲ್ಲಿ ಏನುಂಟು ಮಾರಾಯ್ರೆ?’ ಅಂದರು. ಕಂಬಳಿ ಅಂದೆ. ಗಾಳಿಗೆ ಅವರಿಗೆ ಹೇಗೆ ಕೇಳಿಸಿತೋ, ‘ಕಂಬಳ ನೋಡ್ಲಿಕ್ಕೆ ಇಲ್ಲಿಗೆ ಯಾಕೆ ಬಂದದ್ದು? ಇಲ್ಲಿ ಕೋಣ ಎಲ್ಲಿ ಓಡುದು?’ ಅಂದರು. ಉತ್ತರ ಹುಡುಕುವಷ್ಟರಲ್ಲಿ ಹಿಂದಿನಿಂದ ಒಂದು ಅಲೆ ಬಂತು. ನಾನು ಬೀಳಲಿಲ್ಲ, ಕೂತೆ. ಬ್ಯಾಗೂ ನನ್ನ ಜೊತೆ ಕೂತಿತು. ಎದ್ದಾಗ ಅದು ಎಮ್ಮೆ ಕರುವಿನಷ್ಟು ಭಾರ ಆಗಿತ್ತು. ಹನಿ ನೀರು ಕಾಣದ ಊರಲ್ಲಿ ನೇಯ್ದ ಕಂಬಳಿ ಅಲ್ವಾ, ಸಿಕ್ಕಿದ್ದೇ ಸಾಕು ಅಂತ ಹೀರಿಕೊಂಡುಬಿಟ್ಟಿತ್ತು. ಅರಬ್ಬಿ ಸಮುದ್ರದ ಮಧ್ಯೆ ಗಮ್ಮಂತ ಕುರಿಹಟ್ಟಿಯ ವಾಸನೆ!

ದ್ವೀಪ ಅಂದರೆ ಮರಳು, ತೆಂಗಿನಮರ ಅಂದುಕೊಂಡಿದ್ದೆ. ತೆಂಗು ಇತ್ತು. ಮರಳಿನ ಜಾಗದಲ್ಲಿ ಹೆಚ್ಚಾಗಿ ಚಿಪ್ಪಿನ ಚೂರು, ಕಾಲಿಟ್ಟಲ್ಲೆಲ್ಲ ಚರಚರ. ಅದನ್ನು ದಾಟಿದರೆ ಕಲ್ಲು. ಎಲ್ಲಿ ನೋಡಿದರೂ ಕಲ್ಲೇ. ಜೋಳದ ಸೊಪ್ಪೆಯನ್ನು ಗೂಡು ಹಾಕಿ ತುದಿ ಕತ್ತರಿಸಿದ ಹಾಗೆ ಒತ್ತೊತ್ತಾಗಿ ನಿಂತ ಕಂಬಗಳು. ಕೆಲವಕ್ಕೆ ಐದು ಮೂಲೆ, ಕೆಲವಕ್ಕೆ ಆರು. ಯಾವ ಶಿಲ್ಪಿಯೂ ಕೆತ್ತಿದ್ದಲ್ಲ, ಲಾವಾ ಆರುವಾಗ ಕುಗ್ಗಿ ಬಿರುಕು ಬಿಟ್ಟು ಹೀಗಾಯಿತಂತೆ. ಬಿರುಕಿನ ವಿಷಯ ನಮಗೆ ಹೇಳಿಕೊಡಬೇಕಾ? ಬೇಸಿಗೆಯಲ್ಲಿ ನಮ್ಮ ಕಡೆ ಯಾವ ಕೆರೆಯ ಅಂಗಳಕ್ಕೆ ಹೋದರೂ ಇದೇ ಲೆಕ್ಕ, ಇದೇ ಮೂಲೆ. ವಯಸ್ಸು ಸುಮಾರು 8.8 ಕೋಟಿ ವರ್ಷ ಅಂತ ಹುಡುಗ ಹೇಳಿದ. ಮಡಗಾಸ್ಕರ್ ನಮ್ಮಿಂದ ಪಾಲು ತಗೊಂಡು ಬೇರೆ ಹೋದ ಕಾಲವಂತೆ. ಅಣ್ಣತಮ್ಮಂದಿರು ಪಾಲಾದ ಮನೆಯಲ್ಲಿ ಬೆಂಕಿ ಬೀಳದೇ ಇರುತ್ತದಾ?

ಆಚೆ ಬದಿ ನೋಡೋಣ ಮಾವ ಅಂದ. ಕಲ್ಲು ಹತ್ತುವುದರಲ್ಲಿ ನಮಗೆ ಸ್ವಲ್ಪ ಜಂಬ. ಏಳು ಸುತ್ತಿನ ಕೋಟೆಯಲ್ಲಿ ಶಾಲೆ ತಪ್ಪಿಸಿ ಓಡಾಡಿದವನು ನಾನು. ನಾಲ್ಕು ಕಂಬ ಹತ್ತಿದೆ, ಎರಡು ಇಳಿದೆ. ಎಡಗಾಲ ಚಪ್ಪಲಿಯ ಉಂಗುಷ್ಟ ಕಿತ್ತಿತು. ಒಂದು ಸಂದಿ ಕಂಡಿತು. ಓಬವ್ವನ ಕಿಂಡಿಯಲ್ಲಿ ನುಸುಳಿದವನಿಗೆ ಇದೇನು ಅಂತ ನುಗ್ಗಿದೆ. ನಾನು ದಾಟಿದೆ, ಬ್ಯಾಗು ದಾಟಲಿಲ್ಲ. ಪಟ್ಟಿ ಎರಡೂ ಹೆಗಲಲ್ಲಿ, ಒದ್ದೆ ಕಂಬಳಿ ಉಬ್ಬಿಕೊಂಡು ಎರಡೂ ಕಲ್ಲಿಗೆ ಒತ್ತಿಕೊಂಡಿದೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹೈದರಾಲಿಯ ಸೈನಿಕರ ಬಗ್ಗೆ ಜೀವನದಲ್ಲಿ ಮೊದಲ ಸಲ ಅಯ್ಯೋ ಪಾಪ ಅನ್ನಿಸಿತು. ತಲೆ ಎತ್ತಿ ನೋಡಿದರೆ, ಒನಕೆ ಹಿಡಿದವರು ಯಾರೂ ಇರಲಿಲ್ಲ, ಸೀಟಿ ಹಿಡಿದ ಗಾರ್ಡ್ ನಿಂತಿದ್ದರು. ಊದಿದರು. ದ್ವೀಪದಲ್ಲಿದ್ದ ಅಷ್ಟೂ ಜನ ನನ್ನ ಕಡೆ ತಿರುಗಿದರು. ಹುಡುಗ ಹಿಂದಿನಿಂದ ಕಾಲು ಕೊಟ್ಟು ಬ್ಯಾಗು ಒದ್ದ. ಮಾವನನ್ನು ಒದೆಯುವ ಆಸೆಯೂ ಅದರಲ್ಲಿ ಸ್ವಲ್ಪ ಇತ್ತು ಅಂತ ನನ್ನ ಗುಮಾನಿ.

ಕಂಬಳಿಯನ್ನು ಕಂಬಗಳ ಮೇಲೆ ಹರವಿದೆ. ಒಂದಿಬ್ಬರು ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಂಡರು. ನಾನು ತೆಂಗಿನ ನೆರಳಲ್ಲಿ ಬ್ಯಾಗನ್ನೇ ದಿಂಬು ಮಾಡಿಕೊಂಡು ಮಲಗಿದೆ. ಚಟ್ನಿಪುಡಿಯ ಸ್ಟೀಲ್ ಡಬ್ಬಿ ಯಾವ ಜಿಪ್ಪಿನಲ್ಲಿದೆ ಅಂತ ಆಗ ತಲೆಗೆ ಗೊತ್ತಾಯಿತು. ರಾತ್ರಿ ಇಲ್ಲೇ ಉಳಿದರೆ ಕಂಬಳಿ ಬೇಕಾಗುತ್ತೆ ಅಂತ ಸಮಾಧಾನ ಮಾಡಿಕೊಳ್ಳುವಾಗ ಹುಡುಗ ಹೇಳಿದ: ಇಲ್ಲಿ ರಾತ್ರಿ ಯಾರೂ ಉಳಿಯುವಂತಿಲ್ಲ, ಸಂಜೆಯ ಬೋಟಿಗೆ ಎಲ್ಲರೂ ಕಡ್ಡಾಯ ವಾಪಸ್. ಇದನ್ನು ದುರ್ಗದಲ್ಲೇ ಹೇಳಬಾರದಿತ್ತೇ?

ಬರುವಾಗ ಬೋಟಿನಲ್ಲಿ ಅವನು ಮೊಬೈಲ್ ನೋಡುತ್ತಾ, ‘ಮಾವ, ಈ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಂತೆ. ನಿಮ್ಮ ದುರ್ಗದ ಹತ್ರಾನೂ ಒಂದಿದೆಯಲ್ಲ, ಮರಡಿಹಳ್ಳಿ, ನೋಡಿದ್ದೀರಾ?’ ಅಂದ. ಐಮಂಗಲದ ಕಡೆ ನೂರು ಸಲ ಓಡಾಡಿದ್ದೇನೆ. ನೋಡಿಲ್ಲ ಅನ್ನಲು ನಾಚಿಕೆ ಆಯಿತು. ಹ್ಞೂಂ ಅಂದೆ.

ಕಂಬಳಿಯ ಉಪ್ಪು ತೆಗೆಯಲು ನಲ್ಲಿ ನೀರು ಬರುವ ದಿನವೇ ಕಾಯಬೇಕಾಯಿತು. ಅದು ಒಣಗುವಷ್ಟರಲ್ಲಿ ಭಾನುವಾರ ಬಂತು. ಅದೇ ಬ್ಯಾಗಲ್ಲಿ ನೀರಿನ ಬಾಟಲಿ ಹಾಕಿಕೊಂಡು ಮರಡಿಹಳ್ಳಿಗೆ ಹೋದೆ. ಬಿಸಿಲಲ್ಲಿ ದುಂಡಗೆ, ಉದ್ದುದ್ದಕ್ಕೆ, ಒಂದರ ಮೇಲೊಂದು ಕಲ್ಲು. ಮದುವೆ ಮನೆಯ ಮೂಲೆಯಲ್ಲಿ ದಿಂಬು ಒಟ್ಟಿರುತ್ತಾರಲ್ಲ, ಥೇಟ್ ಹಾಗೆ. ಹೆಸರೂ ದಿಂಬು ಲಾವಾ ಅಂತಲೇ. ಲಾವಾ ನೀರಿನೊಳಗೆ ಉಕ್ಕಿದರೆ ತಕ್ಷಣ ಮೇಲೆ ತೊಗಟೆ ಕಟ್ಟಿ, ಒಳಗಿನದು ಉಬ್ಬಿ ಹೀಗಾಗುತ್ತದೆ. ಸುಮಾರು 250 ಕೋಟಿ ವರ್ಷದ ಹಳೆಯದು. ಅಂದರೆ ನಾನು ನಿಂತಿದ್ದದ್ದು ಸಮುದ್ರದ ತಳದಲ್ಲಿ. ಸುಮ್ನೆ ಬಗ್ಗಿ ಒಂದು ದಿಂಬು ಮುಟ್ಟಿದೆ. ಕೈ ಸುಟ್ಟಿತು.

ಅಷ್ಟೊತ್ತಿಗೆ ಕುರಿ ಮೇಯಿಸುತ್ತಾ ಒಬ್ಬ ಅಜ್ಜ ಬಂದ.

‘ಯಾವೂರಾತು? ಏನ್ ಹುಡುಕ್ತೀಯಪ್ಪ?’

‘ದುರ್ಗ ಅಜ್ಜ. ಇಲ್ಲಿ ಮೊದಲು ಸಮುದ್ರ ಇತ್ತಂತೆ.’

ಅಜ್ಜ ಕಲ್ಲು ನೋಡಿದ, ನನ್ನ ನೋಡಿದ, ಬೆನ್ನ ಮೇಲಿನ ಬ್ಯಾಗು ನೋಡಿದ.

‘ಇದ್ದೀತು ಬಿಡು. ಹೋದೊರ್ಸ ನಮ್ ಹೊಲದಾಗೆ ಎಂಟ್ನೂರು ಅಡಿ ಬೋರ್ ಕೊರೆಸಿದ್ವಿ. ಬರೀ ಧೂಳ್ ಬಂತು.’

ಅಂದು, ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಕುರಿಗಳ ಹಿಂದೆ ಹೋದ.